ಬೀರುವಿನ ಮೇಲಿನ ಶಾಲು

ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಅಕ್ಕಿ ಗಿರಣಿಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ಪುಟ್ಟ ಕಂಪನಿಯೊಂದಿದೆ. ಅಲ್ಲಿನವರು ಕಲಿತದ್ದನ್ನೆಲ್ಲ ಫ್ಲಾಪಿಗಳಲ್ಲಿ ಜೋಡಿಸಿಟ್ಟು, ಕೇಳಿದವರಿಗೆ ತೆಗೆದುಕೊಡುವುದು ನಿಜಗುಣಪ್ಪನ ಕೆಲಸ. ಜೋಡಿಸಿಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕೊಡುವ ಮಾತು ಬಂದರೆ ಮಾತ್ರ ಅವನಿಗೆ ಕೆಮ್ಮು ಬರುತ್ತದೆ. ಬೀರುವಿಗೆ ಎರಡು ಬೀಗ, ಬೀಗಕ್ಕೆ ವಿಭೂತಿ, ಧೂಳು ಕೂರದಂತೆ ಮೇಲೊಂದು ಜರಿ ಶಾಲು, ಕೀಲಿ ಅವನ ಉಡಿದಾರದಲ್ಲಿ. "ತೂಕದ ಲೆಕ್ಕದ ತಪ್ಪನ್ನ ಹೋದ ವರ್ಷ ಸರಿಮಾಡಿದ್ರಲ್ಲ, ಆ ಫ್ಲಾಪಿ ಕೊಡ್ರಿ" ಎಂದು ಪ್ರೋಗ್ರಾಂ ಬರೆಯುವ ದೀಪಶ್ರೀ ಕೇಳಿದರೆ, ಕೆಮ್ಮಿ, "ಎಲ್ಲಾ ಭದ್ರ ಐತಮ್ಮ, ನೀ ಯಾಕೆ ತಲೆ ಕೆಡಿಸ್ಕೊಂತಿ?" ಎನ್ನುತ್ತಾನೆ. ಅವಳು ತಲೆ ಕೆಡಿಸಿಕೊಂಡು ಹೊಸದಾಗಿ ಬರೆದದ್ದನ್ನೂ ಮರುದಿನ ವಿಭೂತಿ ಹಚ್ಚಿ ಒಳಗಿಡುತ್ತಾನೆ. ಹೀಗೆ ಆ ಕಂಪನಿ ಒಂದೇ ತಪ್ಪನ್ನು ವರ್ಷಕ್ಕೊಮ್ಮೆ ಹಬ್ಬದ ಹಾಗೆ ಹೊಸದಾಗಿ ತಿದ್ದುತ್ತದೆ. ರೇಗಿಹೋದ ದೀಪಶ್ರೀ ಒಂದು ದಿನ, "ಈ ಶಾಲು ಯಾವ ಸನ್ಮಾನದ್ದು ಸಾರ್, ಬೀಗ ಹಾಕಿದ್ದಕ್ಕಾ?" ಎಂದು ಕೇಳಿಯೇಬಿಟ್ಟಳು. "ಹಾಕಿದ್ದಕ್ಕಲ್ಲಮ್ಮ, ತೆಗೆದಿದ್ದಕ್ಕೆ" ಎಂದ ನಿಜಗುಣಪ್ಪ, ಕೆಮ್ಮದೆ. "ಇಲ್ಲಿಗೆ ಬರೋಕೆ ಮುಂಚೆ ಇದ್ದ ಸೊರಬದ ಆಫೀಸಿನಾಗೆ ಮಾಲೀಕರ ಅಳಿಯಂಗೆ ನಂಗೆ ಗೊತ್ತಿದ್ದಷ್ಟೂ ಕಲಿಸಿದೆ. ಕಲಿತು ಮುಗೀತಿದ್ದಂಗೆ, 'ಇನ್ನು ಮನೇಲಿ ಆರಾಮಾಗಿರ್ರಿ' ಅಂತ ಅವನೇ ಇದನ್ನ ಹೊದಿಸಿ ಬಸ್ ಹತ್ತಿಸಿದ."