ರಾಣಿಯ ತುತ್ತು

ಅತ್ತೆ ರಾತ್ರಿಯೂಟ ಬಿಟ್ಟದ್ದು ಮಳೆಗಾಲದಲ್ಲೋ ಚಳಿಗಾಲದಲ್ಲೋ, ನನಗೆ ಖಾತ್ರಿಯಿಲ್ಲ. ನೆನಪು ಅದಕ್ಕೆ ಒಂದೊಂದು ಸಲ ಒಂದೊಂದು ಹವೆ ಹೊಂದಿಸುತ್ತದೆ. ನಾನು ಯಾವುದನ್ನೂ ನಂಬುವುದಿಲ್ಲ. ಕಾರಣ ಮಾತ್ರ ಬದಲಾಗುವುದಿಲ್ಲ. ವಾರಪತ್ರಿಕೆಯೊಂದರ ಧಾರಾವಾಹಿಯಲ್ಲಿ ಒಬ್ಬ ರಾಣಿ ಕಲ್ಲಾದಳು, ಅದಕ್ಕೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ನಾನು ಕಾನಸೂರಿನಿಂದ ಯಲ್ಲಾಪುರಕ್ಕೆ ಮಾಸ್ತರಿಕೆಗೆ ಬಂದು ಅಪ್ಪನ ತಂಗಿಯ ಮನೆಯಲ್ಲಿದ್ದೆ. ಅತ್ತೆ, ಮಾವ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದರು. ಅಡುಗೆಮನೆ ಅತ್ತೆಯದು, ದುಡ್ಡಿನ ಗಲ್ಲೆ ಮಾವನದು. ಪತ್ರಿಕೆಯನ್ನು ಹುಬ್ಬಳ್ಳಿಯಿಂದ ತರುತ್ತಿದ್ದವರು ಮರದ ಲಾರಿ ಓಡಿಸುವ ಸಾಹೇಬರು. ಅವರು ಜಗುಲಿಯಲ್ಲೇ ಕೂತು ಉಣ್ಣುತ್ತಿದ್ದರು. ಅದನ್ನು ಯಾರೂ ಪ್ರಶ್ನಿಸಲಿಲ್ಲ, ನಾನೂ ಕೂಡ. ಬಾಗಿಲಿನ ಒಳಗೆ ಕಟ್ಟಿಗೆ ಡಿಪೋದ ಗುಮಾಸ್ತರೊಬ್ಬರು, ಹಾವೇರಿ ಕಡೆಯವರು. ನಡುವಿನ ಹೊಸ್ತಿಲ ಬಳಿ ಕೂತು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆ ಸೌಟು ಹಿಡಿದು ನಿಂತು ಕೇಳುತ್ತಿದ್ದಳು. ಮಾವ ಕಥೆ ಕೇಳುವವನಲ್ಲ.

ಆ ವಾರ ಮಂತ್ರವಾದಿ ಶಪಿಸಿದಾಗ ರಾಣಿ ಊಟಕ್ಕೆ ಕೂತಿದ್ದಳು. ಎತ್ತಿದ ತುತ್ತು ಬಾಯಿ ಮುಟ್ಟಲಿಲ್ಲ. ಕೈ ಹಾಗೇ ಕಲ್ಲಾಯಿತು. ಉಳಿದದ್ದು ಮುಂದಿನ ವಾರಕ್ಕೆ.

ಎರಡು ಹೊತ್ತೂ ಊರಿಗೆಲ್ಲ ಬಡಿಸುವ ಹೆಂಗಸಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ದೇವರ ದೀಪದ ಮುಂದೆ ನಿಂತು, ನಮಗೆಲ್ಲ ಕೇಳುವಂತೆ ಹೇಳಿದಳು: "ರಾಣಿ ಆ ತುತ್ತು ಉಣ್ಣಲಿ. ಅಲ್ಲಿವರೆಗೆ ಆನು ರಾತ್ರಿ ಉಣ್ತ್ನಿಲ್ಲೆ."

ನಾವು ನಕ್ಕೆವು. ಒಂದೆರಡು ವಾರದ ಮಾತು ಅಂದುಕೊಂಡೆವು.

ಲೇಖಕರು ರಾಣಿಯನ್ನು ಮರೆತರು. ರಾಜಕುಮಾರ ಹಾರುವ ಕುದುರೆ ಏರಿ ದ್ವೀಪದಿಂದ ದ್ವೀಪಕ್ಕೆ ಹೋದ. ಹಾವಾಗಿ ಬದಲಾಗುವ ಅವಳಿಗಳು ಬಂದರು. ನಮ್ಮ ವಾದ ರಂಗೇರಿತು.

"ಮಂತ್ರವಾದಿ ಬ್ಯಾರೆ ಯಾರೂ ಅಲ್ರೀ, ರಾಣಿ ಅಣ್ಣಾನ ಅದಾನ. ನೋಡ್ಕೋತ ಇರ್ರಿ," ಅನ್ನುವರು ಗುಮಾಸ್ತರು.

"ಹೋದ ತಿಂಗಳು ಕುದುರೇನೇ ಅವಳ ಅಣ್ಣ ಅಂದಿದ್ರಿ," ಜಗುಲಿಯಿಂದ ಸಾಹೇಬರು. "ಅವಳಿಗೆ ಎಷ್ಟು ಜನ ಅಣ್ಣಂದಿರು ಸ್ವಾಮಿ?"

ನಾನು ಹೊಸ ಸಾಹಿತ್ಯ ಓದಿಕೊಂಡವನು. ರಾಣಿ ಕಲ್ಲಾಗಿಯೇ ಉಳಿಯಬೇಕು, ಎಬ್ಬಿಸಿದರೆ ಕಥೆ ಕೆಡುತ್ತದೆ ಅಂದೆ. ಅತ್ತೆ ನನ್ನ ಎಲೆಗೆ ಸಾರು ಹಾಕದೆ ಮುಂದೆ ಹೋದಳು.

ಆಮೇಲೆ ಅವಳು ಬಗ್ಗಿ ಬಡಿಸುವಾಗ ಬಳೆಗಳು ಅಂಗೈಗೆ ಜಾರಿ ಪಾತ್ರೆಗೆ ತಾಗುವ ಸದ್ದು ಶುರುವಾಯಿತು. ಆ ಸದ್ದಿಗೆ ಮಾವ ಗಲ್ಲೆಯಿಂದ ತಲೆ ಎತ್ತುತ್ತಿದ್ದ. ಒಂದು ಮಧ್ಯಾಹ್ನ ಒಲೆಯ ಪಕ್ಕದಲ್ಲೇ ಕುಸಿದಳು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಇನ್ನು ಒಂದು ಹೊತ್ತೂ ಉಪವಾಸ ಕೂಡದು ಎಂದರು ಡಾಕ್ಟರು. ಅತ್ತೆ ಕೇಳಲಿಲ್ಲ. ಹರಕೆ ಬಿಡಿಸಲು ಬರುತ್ತದೆಯೇ ಎಂದು ಮಾವ ದೇವಸ್ಥಾನದ ಭಟ್ಟರಲ್ಲಿಗೆ ಹೋದ. ಭಟ್ಟರು ಮೊದಲು ನಕ್ಕು, ಆಮೇಲೆ ನಗು ನಿಲ್ಲಿಸಿ, "ಯಾರ ಹೆಸರಿಗಾದರೂ ಹರಕೆ ಹರಕೆಯೇ. ಆ ರಾಣಿ ಏಳಲಿ, ನೋಡೋಣ," ಅಂದರಂತೆ.

ಅಲ್ಲಿಂದ ಮುಂದೆ ಪತ್ರಿಕೆ ಬಿಡಿಸಿದೊಡನೆ ಕಥೆಯನ್ನಲ್ಲ, 'ರಾಣಿ' ಎಂಬ ಒಂದೇ ಶಬ್ದವನ್ನು ಹುಡುಕುತ್ತಿದ್ದೆ. ದ್ವೀಪಗಳು ಮುಗಿಯುತ್ತಿರಲಿಲ್ಲ. ಕೊನೆಗೊಂದು ಸಂಚಿಕೆಯಲ್ಲಿ ಕಥೆಯೇ ಇರಲಿಲ್ಲ. ಲೇಖಕರಿಗೆ ಆರೋಗ್ಯ ಸರಿಯಿಲ್ಲ, ಧಾರಾವಾಹಿ ಸದ್ಯಕ್ಕೆ ನಿಂತಿದೆ ಎಂಬ ಎರಡು ಸಾಲು.

ಅತ್ತೆಗೆ ತೋರಿಸದೆ ನಾವು ಮೂವರೂ ಲಾರಿಯ ಹಿಂದೆ ಕೂತು ಆ ವಾರದ ಕಂತನ್ನು ಬರೆಯಲು ಹೊರಟೆವು. ಅಲ್ಲೂ ಜಗಳ. ಸಾಹೇಬರಿಗೆ ರಾಣಿ ಕುದುರೆಯ ಗೊರಸು ತಾಗಿ ಏಳಬೇಕು. ಗುಮಾಸ್ತರಿಗೆ ಅಣ್ಣ ಬೇಕೇ ಬೇಕು. ಪೆನ್ನು ನನ್ನ ಕೈಯಲ್ಲಿ. ಏಳಕೂಡದು ಅಂದವನು ಎಬ್ಬಿಸಬೇಕಿತ್ತು.

"ಹೆಂಗಾದ್ರೂ ಎಬ್ಬಿಸಿ ಮಾಸ್ತರೇ," ಅಂದರು ಸಾಹೇಬರು. "ಅಕ್ಕ ಉಳೀಬೇಕು."

ರಾತ್ರಿ ಆ ಹಾಳೆಯನ್ನು ಪತ್ರಿಕೆಯೊಳಗಿಟ್ಟು ಓದಿದೆ. ಗೊರಸೂ ಬಂತು, ಅಣ್ಣನೂ ಬಂದ. ರಾಣಿ ಎದ್ದು ತುತ್ತು ಉಂಡಳು. ಅತ್ತೆ ಕೊನೆಯವರೆಗೆ ಕೇಳಿದಳು.

"ಇದು ಆ ಪುಣ್ಯಾತ್ಮ ಬರದ್ದಲ್ಲ ತಮಾ. ಅವ ಇಷ್ಟು ಬೇಗ ಯಾರನ್ನೂ ಉಂಬಲೆ ಬಿಡ್ತ್ನಿಲ್ಲೆ."

ಮಾವ ಗಲ್ಲೆ ಮುಚ್ಚುವ ಸದ್ದಾಯಿತು.

"ಅದು ಕಲ್ಲಾಗಿ ಎಷ್ಟು ತಿಂಗಳಾತು," ಅಂದಳು ಅತ್ತೆ. "ಅದೇ ಹಳಸಿದ ತುತ್ತು ಉಣ್ಸಿದ್ರಾ?"

ಮೂವರಿಗೂ ಅದು ಹೊಳೆದಿರಲಿಲ್ಲ.

"ಅದನ್ನ ಚೆಲ್ಲಿ, ಕೈ ತೊಳೆಸಿ, ಬಿಸಿ ಅನ್ನ ಬಡಿಸಿದ್ರು ಹೇಳಿ ಬರಿ."

ಅಲ್ಲೇ ಬರೆದೆ. "ಸಾರು?" ಅಂತ ಕೇಳಿದೆ.

"ತಂಬುಳಿ. ಹಸಿದ ಹೊಟ್ಟೆಗೆ ಸಾರು ಎಂತಕ್ಕೆ?"

ತಂಬುಳಿ ಬರೆದು ಮತ್ತೆ ಓದಿದೆ. ಅತ್ತೆ ಒಂದು ಎಲೆ ತೆಗೆದು ಒಲೆಯ ಹತ್ತಿರ ಹಾಸಿಕೊಂಡು ಕೂತಳು.

ನಾವು ನೋಡಲಿಲ್ಲ. ನೋಡಿದರೆ ಎದ್ದುಬಿಡುತ್ತಾಳೆಂಬ ಹೆದರಿಕೆ. ಬೆನ್ನು ತಿರುಗಿಸಿದೆವು. "ಏನ ಹೇಳ್ರಿ, ಅಣ್ಣ ಇಲ್ದ ಆಕಿ ಏಳಾಕ ಸಾಧ್ಯ ಇದ್ದಿಲ್ಲ," ಎಂದು ಗುಮಾಸ್ತರು ಬೇಕೆಂದೇ ಜೋರಾಗಿ ಮಾತು ತೆಗೆದರು. ಕುದುರೆ ಅಂದರು ಸಾಹೇಬರು. ನಾನೂ ಏನೋ ಅಂದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ವಾದಿಸಿದೆವು. ತಿರುಗಿದಾಗ ಎಲೆ ಇರಲಿಲ್ಲ, ನೆಲ ಒರೆಸಿಯಾಗಿತ್ತು.

"ಉಂಡಳು," ಎಂದು ಮಾವ ಮರುದಿನ ನನ್ನ ಕಿವಿಯಲ್ಲಿ ಹೇಳಿದ, ಕಣ್ಣಾರೆ ಕಂಡವನಂತೆ. ಆದರೆ ಆ ರಾತ್ರಿಯ ನನ್ನ ನೆನಪಿನಲ್ಲಿರುವ ಮಾವ, ಎಂದೂ ಕಥೆ ಕೇಳದವನು, ಗೋಡೆಗೆ ಮುಖ ಮಾಡಿ ನಿಂತು ಕುದುರೆಯ ಪರವಾಗಿ ವಾದಿಸುತ್ತಿದ್ದಾನೆ.