ಬಡಿತ ಹಿಡಿಯುವ ಸಾಹೇಬರು

ನಿಜಾಮರ ಕಾಲದಲ್ಲಿ ಕಲಬುರಗಿಯ ದವಾಖಾನೆಯೊಂದರಲ್ಲಿ ಎಕ್ಸ್‌ರೇ ಸಾಹೇಬರಿದ್ದರು. ಅವರ ಯಂತ್ರದಲ್ಲಿ ಫಿಲ್ಮು ಮೆಲ್ಲಗೆ ಸರಿದಂತೆ ಗುಂಡಿಗೆಯ ಬಡಿತ ಅದರ ಮೇಲೆ ಗರಗಸದ ಹಲ್ಲಿನಂತೆ ಮೂಡುತ್ತಿತ್ತು. ಎಲ್ಲರಿಗೂ ಅವರದು ಒಂದೇ ಮಾತು: "ಉಸಿರು ಹಿಡೀರಿ, ಗುಂಡಿಗಿ ಅಷ್ಟೇ ಆಡ್ಲಿ."

ಕಮಲಾಪುರದಿಂದ ನಾನು ಅಪ್ಪನನ್ನು ಅಲ್ಲಿಗೆ ಕರೆದೊಯ್ದಾಗ, ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ನೆರಳು ಫಿಲ್ಮಿನ ಮೇಲೆ ಬೀಳುತ್ತದೆ, ತೆಗೆಯಿರಿ ಎಂದರು ಸಾಹೇಬರು.

"ಜೀವ ಹೋದ್ರೂ ಲಿಂಗ ಬಿಡಂಗಿಲ್ರೀ" ಎಂದ ಅಪ್ಪ.

ಸಾಹೇಬರು ಗಡ್ಡ ನೀವಿಕೊಂಡರು. "ಹಂಗಾರ ಪೂಜಾದಾಗಿನಂಗ ಅಂಗೈಮ್ಯಾಲ ಹಿಡೀರಿ. ಕೈ ಬಾಜೂಕ ಚಾಚ್ರಿ."

ಅಪ್ಪ ಲಿಂಗವನ್ನು ಅಂಗೈಮೇಲಿಟ್ಟು ಕೈ ಚಾಚಿ, ಉಸಿರು ಹಿಡಿದು ಕಣ್ಣು ಮುಚ್ಚಿದ. ಯಂತ್ರ ಓಡಿ ನಿಂತಿತು. "ಉಸಿರು ಬಿಡ್ರೀ" ಎಂದರು. ಅಪ್ಪ ಕಣ್ಣು ತೆರೆಯಲಿಲ್ಲ. ಜೀವ ಹೋಯಿತೇನೋ ಎಂದು ನಾನು ಹತ್ತಿರ ಓಡಿದೆ. ನೋಡಿದರೆ ತುಟಿ ಅಲುಗುತ್ತಿತ್ತು; ಪೂಜೆ ನಡೆದಿತ್ತು. ಸಾಹೇಬರು ಬೂಟು ಕಳಚಿ ನಿಂತರು.

ಕೊನೆಗೆ ಅಪ್ಪ ಕಣ್ಣು ತೆರೆದು, "ಆತೇನ್ರೀ?" ಎಂದ.

"ನಂದು ಆಗಿ ಭಾಳ ಹೊತ್ತಾತ್ರೀ. ನಿಮ್ದು ಮುಗೀಲಿ ಅಂತ ನಿಂತೀನಿ."