ನೀರಿನ ಬಿಲ್ಲು ಮತ್ತು ಶಿವಗಂಗಮ್ಮನ ಅಂಗಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಇಪ್ಪತ್ತಾರು ವರ್ಷ ನೀರಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಯಾವ ಬೀದಿಗೆ ಯಾವ ದಿನ ನೀರು ಬಿಡುತ್ತಾರೆ, ಯಾರ ಮನೆಯ ಮೀಟರ್ ಯಾವಾಗ ಕೆಟ್ಟು ನಿಂತಿತು ಎಂಬುದೆಲ್ಲ ನನಗೆ ಬಾಯಿಪಾಠ. ಆದರೆ ನಮ್ಮ ಮನೆಯ ಮೀಟರ್ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಗೇಟಿನ ಎಡಕ್ಕೋ ಬಲಕ್ಕೋ ಎಂದು ತಡವರಿಸುತ್ತಿದ್ದೆ. ನಿವೃತ್ತಿಯಾಗಿ ಮೂರು ವರ್ಷವಾದ ಮೇಲೆ, ಈ ಬೇಸಿಗೆಯಲ್ಲಿ, ಅದು ಬಲಕ್ಕೆ ದಾಸವಾಳದ ಗಿಡದ ಬುಡದಲ್ಲಿದೆ ಎಂದು ತಿಳಿಯಿತು. ತಿಳಿಸಿದ್ದು ಒಂದು ಬಿಲ್ಲು.

ಯಾವಾಗಲೂ ಮೂರಂಕಿ ದಾಟದ ಬಿಲ್ಲು ಈ ಸಲ ಐದಂಕಿಗೆ ಹೋಗಿತ್ತು. ಎಲ್ಲೋ ಚುಕ್ಕಿ ಇಡುವುದು ಮರೆತಿರಬೇಕೆಂದು ನಾನು ಕನ್ನಡಕ ಹಾಕಿಕೊಂಡು ನೋಡಿದೆ, ಯಜಮಾನರು ಕನ್ನಡಕ ತೆಗೆದು ನೋಡಿದರು. ಎರಡು ಬಗೆಯಲ್ಲೂ ಅಷ್ಟೇ ಕಂಡಿತು. ಯಜಮಾನರು ಬೀರೂರು ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ಇದ್ದವರು. ಲೆಕ್ಕ ತಪ್ಪಿತೆಂದರೆ ಮೊದಲು ಎದುರಿಗಿರುವವರನ್ನೇ ಅನುಮಾನಿಸುವುದು ಅವರ ವೃತ್ತಿಧರ್ಮ.

"ನೀನು ಸೊಪ್ಪು ತೊಳೆಯೋದು ನೋಡಿದೀನಿ ಕಣೇ. ಒಂದು ಕಟ್ಟು ದಂಟಿಗೆ ಅರ್ಧ ಕೆರೆ ನೀರು ಬೇಕು ನಿಂಗೆ" ಅಂದರು.

"ನೀವು ಗಡ್ಡ ಹೆರೀವಾಗ ನಲ್ಲಿ ಬಿಟ್ಕೊಂಡು ವಾರ್ತೆ ಕೇಳ್ತೀರಲ್ಲ, ಅದು?" ಅಂದೆ.

ಮುಂದಿನ ಎರಡು ದಿನ ಒಬ್ಬರ ಹಿಂದೆ ಒಬ್ಬರು ನಲ್ಲಿ ನಿಲ್ಲಿಸುತ್ತ ಓಡಾಡಿದೆವು. ಸೊಪ್ಪಿನಲ್ಲಿ ಮಣ್ಣು ಉಳಿಯಿತು, ಅವರ ಗಲ್ಲದಲ್ಲಿ ಸೋಪು ಉಳಿಯಿತು. ಮೂರನೆಯ ದಿನ ನೀರು ಬಿಟ್ಟಾಗ ನನಗೆ ಹಳೆಯ ಬುದ್ಧಿ ನೆನಪಾಯಿತು. ಹಿತ್ತಲಿನ ನೆಲದೊಳಗಿನ ಸಂಪಿನೊಳಕ್ಕೆ ನೀರು ಬೀಳುವಲ್ಲಿ ವಾಲ್ವ್ ಮುಚ್ಚಿಸಿ, ಮೀಟರಿನ ಹತ್ತಿರ ಬಂದು ಕೂತೆ. ಒಂದು ಹನಿಯೂ ಮನೆಗೆ ಬರುತ್ತಿಲ್ಲ, ಮೀಟರ್ ಮಾತ್ರ ತಿರುಗುತ್ತಲೇ ಇದೆ. ಅಲ್ಲಿಗೆ ಸೊಪ್ಪು, ಗಡ್ಡ ಎರಡೂ ನಿರ್ದೋಷಿ ಎಂದಾಯಿತು. ಮೀಟರಿಗೂ ಸಂಪಿಗೂ ನಡುವೆ, ಮನೆಯನ್ನು ಸುತ್ತಿಕೊಂಡು ಹೋಗುವ ಪೈಪು ಎಲ್ಲೋ ನೆಲದೊಳಗೆ ಸೋರುತ್ತಿತ್ತು. ಎಲ್ಲಿ ಎಂಬುದು ದೇವರಿಗೇ ಗೊತ್ತು. ಮೇಲೆ ಅಂಗಳದ ತುಂಬ ಸಿಮೆಂಟು. ಹುಲ್ಲು ಕೀಳುವ ಕೆಲಸ ತಪ್ಪಲೆಂದು ನಿವೃತ್ತಿಯ ವರ್ಷ ನಾನೇ ಹಾಕಿಸಿದ್ದು.

ನೀರು ಹೊರಗೆ ಬರುವ ಬಗೆಗಳಿಗೆ ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಬಂಡೆಯಿಂದ ಒಸರುತ್ತದೆ, ಗೋಡೆಯಿಂದ ಜಿನುಗುತ್ತದೆ, ನಲ್ಲಿಯಿಂದ ತೊಟ್ಟಿಕ್ಕುತ್ತದೆ, ಕೊಡದಿಂದ ತುಳುಕುತ್ತದೆ, ಹೆಂಚಿನಿಂದ ಸೋರುತ್ತದೆ. ಕಚೇರಿಯ ಭಾಷೆ ಇಷ್ಟು ಸೂಕ್ಷ್ಮವನ್ನು ತಾಳಿಕೊಳ್ಳುವುದಿಲ್ಲ, ಎಲ್ಲವನ್ನೂ 'ಸೋರಿಕೆ' ಎಂಬ ಒಂದೇ ಬುಟ್ಟಿಗೆ ಹಾಕುತ್ತದೆ. ಪಾಪ, ಆ ಪದ ತೆರಿಗೆಯನ್ನೂ ಹೊರಬೇಕು, ಪ್ರಶ್ನೆಪತ್ರಿಕೆಯನ್ನೂ ಹೊರಬೇಕು, ನಮ್ಮ ಅಂಗಳದ ಪೈಪನ್ನೂ ಹೊರಬೇಕು. ನಾನೇ ಎಷ್ಟು ಸಾವಿರ ಸಲ ಅದನ್ನು ಬರೆದಿದ್ದೇನೋ. ನೆಲದೊಳಗೆ ಅದು ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇರಲಿ, ಬಿಲ್ಲು ಕಡಿಮೆ ಮಾಡಿಸುವುದು ಹತ್ತು ನಿಮಿಷದ ಕೆಲಸ ಎಂದುಕೊಂಡು ಇಸ್ತ್ರಿ ಸೀರೆ ಉಟ್ಟು ಕಚೇರಿಗೆ ಹೋದೆ. ನನ್ನ ಕುರ್ಚಿಯಲ್ಲಿ ಈಗ ಚೈತ್ರ ಎಂಬ ಹುಡುಗಿ ಕೂರುತ್ತಾಳೆ. ಕಂಪ್ಯೂಟರಿನಿಂದ ಕಣ್ಣೆತ್ತಿ, "ಬನ್ನಿ ಮೇಡಂ, ಒಂದೈದು ನಿಮಿಷ ಅಲ್ಲಿ ಕೂತ್ಕೊಳಿ" ಅಂದಳು. ಅಲ್ಲಿ ಅಂದರೆ ಗೋಡೆಗೆ ಒತ್ತಿದ ಮರದ ಬೆಂಚು. ಇಪ್ಪತ್ತಾರು ವರ್ಷ ಅದನ್ನು ಎದುರಿನಿಂದ ನೋಡಿದ್ದೆ, ಕೂತಿರಲಿಲ್ಲ. ಅದರ ಒಂದು ಕಾಲು ಗಿಡ್ಡ. ಪಕ್ಕದವರು ಎದ್ದರೆ ನಾವು ವಾಲುತ್ತೇವೆ. ಅಲ್ಲಿಂದ ನೋಡಿದರೆ ಗುಮಾಸ್ತೆಯ ತಲೆ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ.

ಚೈತ್ರ ನನ್ನ ಅರ್ಜಿಯನ್ನು ಗೌರವದಿಂದ ಓದಿದಳು. ನಾವು ಇಬ್ಬರೇ ಇರುವುದು, ಇಷ್ಟು ನೀರು ಇಬ್ಬರು ಹೇಗೆ ಬಳಸಲು ಸಾಧ್ಯ ಎಂದು ನಾನು ವಾದಿಸಿದೆ. ಅವಳು ತಲೆಯಾಡಿಸುತ್ತ ಎರಡು ಗುಂಡಿ ಒತ್ತಿ ಒಂದು ಹಾಳೆ ತೆಗೆದು ಕೊಟ್ಟಳು. ಹಿಂಬರಹ. "ಮಾಪಕವು ಸುಸ್ಥಿತಿಯಲ್ಲಿದ್ದು, ಮಾಪಕದ ನಂತರದ ಸೋರಿಕೆಗೆ ಬಳಕೆದಾರರೇ ಹೊಣೆಯಾಗಿರುವುದರಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ."

"ನಿಮ್ಮ ಕಾಲದ್ದೇ ನಮೂನೆ ಮೇಡಂ" ಎಂದಳು ಚೈತ್ರ. "ಇಷ್ಟು ಚೆನ್ನಾಗಿ ಬರೆಯೋಕೆ ನಮ್ಗೆ ಬರಲ್ಲ. ಅದ್ಕೆ ಹಂಗೇ ಇಟ್ಕೊಂಡಿದೀವಿ."

ಅದು ನನ್ನ ವಾಕ್ಯವೇ. ಬರೆದಾಗ ಬಹಳ ಹೆಮ್ಮೆಪಟ್ಟಿದ್ದೆ, ಯಾಕೆಂದರೆ ಅದರಲ್ಲಿ ಬೇಡ ಎನ್ನುವವರು ಯಾರೂ ಇಲ್ಲ. ಅವಕಾಶ ತಾನಾಗಿಯೇ ಇರುವುದಿಲ್ಲ. ಬೈಯಬೇಕೆಂದರೂ ಯಾರನ್ನು ಬೈಯುವುದು? ಮೇಲಿನವರನ್ನು ನೋಡಿ ಒಂದು ಮಾತು ಹೇಳಿಸಬಹುದಿತ್ತು. ನಾಚಿಕೆಯಾಯಿತೋ ಬೆಂಚಿನ ಮೇಲೆ ಕಾದು ಬೆನ್ನು ನೋಯುತ್ತಿತ್ತೋ, ಹಾಳೆ ಮಡಿಸಿಕೊಂಡು ಎದ್ದೆ. ಹೊರಡುವಾಗ ಚೈತ್ರ, "ಸೋರಿಕೆ ಹುಡುಕಿ ರಿಪೇರಿ ಮಾಡಿಸಿ ಫೋಟೋ ತನ್ನಿ ಮೇಡಂ, ಕಂತು ಮಾಡ್ಕೊಡೋಕೆ ಅವಕಾಶ ಐತೆ" ಅಂದಳು. ಆ ಅವಕಾಶ ನನ್ನ ಕಾಲದಲ್ಲೂ ಇತ್ತು. ಕೇಳಿದವರಿಗೆ ಹೇಳುತ್ತಿದ್ದೆ. ಕೇಳಬೇಕೆಂದು ಗೊತ್ತಿಲ್ಲದವರು ಕೇಳುತ್ತಿರಲಿಲ್ಲ.

ಪ್ಲಂಬರ್ ನಾಗರಾಜ ಬಂದು ಒಂದು ದಿನವಿಡೀ ಸಿಮೆಂಟು ಒಡೆದ. ಮೊದಲನೆಯ ಗುಂಡಿಯಲ್ಲಿ ಒಣ ಮಣ್ಣು, ಎರಡನೆಯದರಲ್ಲಿ ಇನ್ನೂ ಒಣ ಮಣ್ಣು. ಯಜಮಾನರು ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಸಲಹೆ ಕೊಡುತ್ತಿದ್ದರು. ಸಂಜೆ ನಾಗರಾಜ ಹಾರೆ ಕೆಳಗಿಟ್ಟು, "ಹಿಂಗೇ ಅಗೀತಾ ಹೋದ್ರೆ ನಿಮ್ಮ ಮನೇನೇ ಬೀಳ್ತದೆ ಅಮ್ಮ. ರೈಲ್ವೆ ಗೇಟಿನ ಆಚೆ ಹಪ್ಪಳದ ಶಿವಗಂಗಮ್ಮ ಅಂತ ಅವ್ರೆ, ಅವರ್ನ ಕರ್ಸಿ. ಒಂದ್ಸಲ ಓಡಾಡಿ ಹೇಳ್ಬಿಡ್ತಾರೆ" ಅಂದ.

ಆ ಹೆಸರು ನನಗೆ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಶಿವಗಂಗಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದು ಹಪ್ಪಳ ಒತ್ತಿ ಅಂಗಡಿಗಳಿಗೆ ಹಾಕುತ್ತಿದ್ದವರು. ನನಗೆ ಈಗ ಬಂದಂಥ ಬಿಲ್ಲು ಅವರಿಗೆ ಆಗ ಬಂದಿತ್ತು. ನಾಲ್ಕು ಸಲ ಕಚೇರಿಗೆ ಬಂದರು. ಮೂರನೆಯ ಸಲವೋ ಏನೋ, ನನ್ನ ಮೇಜಿನ ಮುಂದೆ ನಿಂತು, "ಒಬ್ಳೇ ಇರೋದು ಕಣ್ರಮ್ಮ ನಾನು. ಇಷ್ಟು ನೀರು ಕುಡಿಯಕ್ಕೆ ನಾನೇನು ಆನೆಯಾ?" ಎಂದು ಕೇಳಿದ್ದರು. ನಾನು ಹಿಂಬರಹ ಕೊಟ್ಟು ಕಳಿಸಿದೆ. ಅಷ್ಟೇ ಆಗಿದ್ದರೆ ನಿಯಮ ಎಂದು ಸುಮ್ಮನಿರಬಹುದಿತ್ತು. ಚಹದ ಹೊತ್ತಿನಲ್ಲಿ ಆ ಮಾತನ್ನು ಅವರ ಧ್ವನಿಯಲ್ಲೇ ಅಣಕಿಸಿ ಎಲ್ಲರನ್ನೂ ನಗಿಸಿದೆ. ಒಂದು ತಿಂಗಳು ಕಚೇರಿಯಲ್ಲಿ ಅವರ ಹೆಸರು ಆನೆಯಮ್ಮ ಎಂದೇ ಆಗಿತ್ತು. ಹಪ್ಪಳದ ವ್ಯಾಪಾರಕ್ಕೆ ನೀರು ಸುರಿದುಕೊಂಡು ಈಗ ಸೋರಿಕೆ ಅಂತಾಳೆ ಎಂದು ಒಬ್ಬರು ಅಂದಾಗ ನಾನು ಅಲ್ಲವೆನ್ನಲಿಲ್ಲ. ಕೊನೆಗೆ ಬಿಲ್ಲು ಕಟ್ಟಲಿಲ್ಲವೆಂದು ಅವರ ನಲ್ಲಿ ಕಿತ್ತರು. ಎರಡು ಬೇಸಿಗೆ ಅವರು ಬೀದಿಯ ತೊಟ್ಟಿಯಿಂದ ಕೊಡ ಹೊತ್ತರೆಂದು ಆಮೇಲೆ ಕಿವಿಗೆ ಬಿದ್ದಿತ್ತು.

ನಾಗರಾಜನ ಕೈಲೇ ಹೇಳಿಕಳಿಸಿದೆ. ನಾನೇ ಹೋಗಬೇಕಿತ್ತು, ಕಾಲು ಬರಲಿಲ್ಲ. ಅವರು ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ, ಉರಿ ಬಿಸಿಲಿನಲ್ಲಿ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ಬೇಜಾರೂ ಆಯಿತು.

"ಸಂಜೆ ತಂಪಿನಾಗೆ ಬರಬೋದಿತ್ತಲ್ಲಮ್ಮ" ಅಂದರು ಯಜಮಾನರು.

"ತಂಪಿನಾಗೆ ಬಂದ್ರೆ ಏನೂ ತಿಳಿಯಲ್ಲ ಸ್ವಾಮಿ. ನೆಲ ಸುಡ್ತಿರಬೇಕು" ಎಂದು ಶಿವಗಂಗಮ್ಮ ಗೇಟಿನಲ್ಲೇ ಚಪ್ಪಲಿ ಬಿಟ್ಟರು. "ನೀವೂ ಬಿಡಿ ಅಮ್ಮ. ನಾಕು ಕಾಲಿದ್ರೆ ಬೇಗ ಸಿಕ್ತದೆ."

ಹಿಮ್ಮಡಿ ನೋವೆಂದು ನಾನು ಮನೆಯೊಳಗೂ ಚಪ್ಪಲಿ ಹಾಕುವವಳು. ಬಿಟ್ಟೆ. ಕಾದ ಸಿಮೆಂಟಿನ ಮೇಲೆ ಅರವತ್ತು ದಾಟಿದ ಇಬ್ಬರು ಹೆಂಗಸರು ಹೆಜ್ಜೆ ಎತ್ತಿ ಎತ್ತಿ ಇಡುತ್ತ ಅಂಗಳ ಸುತ್ತಿದೆವು. ಅವರು ನಿಧಾನವಾಗಿ, ಪೈಪು ಹೋದ ದಾರಿಯಲ್ಲಿ ಗೇಣುಗೇಣು ಬಿಟ್ಟು ನಡೆದರು. ನಾನು ಕುಣಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಯಜಮಾನರು ಛತ್ರಿ ತಂದು ನಮ್ಮ ಹಿಂದೆ ಹಿಡಿದುಕೊಂಡು ಬಂದರು, ತಲೆಗೆ. ಸುಡುತ್ತಿದ್ದದ್ದು ಕಾಲು.

ಮನೆಯ ಬಲ ಮೂಲೆ ತಿರುಗಿ ನಾಲ್ಕು ಹೆಜ್ಜೆ ಹೋದಲ್ಲಿ ಶಿವಗಂಗಮ್ಮ ನಿಂತರು. ಒಂದು ಕಾಲು ಎತ್ತಿದರು, ಇಟ್ಟರು. ಇನ್ನೊಂದು ಎತ್ತಿದರು, ಇಟ್ಟರು. ಆಮೇಲೆ ಎರಡೂ ಕಾಲೂರಿ, ಸೊಂಟಕ್ಕೆ ಕೈಯಿಟ್ಟು ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ನಿಂತುಬಿಟ್ಟರು.

"ಬನ್ನಿ ಇಲ್ಲಿ, ನಿಂತು ನೋಡಿ" ಅಂದರು.

ನಿಂತೆ. ಸುತ್ತ ಹೆಂಚು ಕಾದಂತೆ ಕಾದ ನೆಲದಲ್ಲಿ ಒಂದು ಮೊರದಗಲ ಜಾಗ ಮಾತ್ರ ತಣ್ಣಗಿತ್ತು. ನೋಡುವುದಕ್ಕೆ ಏನೂ ಇಲ್ಲ, ಒಂದು ಬಿರುಕೂ ಇಲ್ಲ. ಇಬ್ಬರೂ ಅಷ್ಟಗಲದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತುಕೊಂಡೆವು.

"ನಮ್ಮನೇಲಿ ಹಿಂಗೇ ಸಿಕ್ಕಿದ್ದು" ಅಂದರು. "ಯಾರೂ ನಂಬಲಿಲ್ಲ. ಹಪ್ಪಳ ಒಣಗ್ಸೋವಾಗ ಒಂದು ಮೂಲೇಲಿ ಮಾತ್ರ ದಿನಾ ತಡವಾಗಿ ಒಣಗ್ತಿತ್ತು. ಕಾಲಿಟ್ಟು ನೋಡಿದ್ರೆ ತಣ್ಣಗೈತೆ."

ನಾಗರಾಜ ಅಲ್ಲೇ ಅಗೆದ. ಎರಡಡಿಗೆ ಕೆಸರು, ಮೂರಡಿಗೆ ಪೈಪು ತಿರುಗುವಲ್ಲಿ ತುಕ್ಕು ತಿಂದ ಎಲ್ಬೋ. ಅದರ ಪಕ್ಕದಲ್ಲೇ ನಮ್ಮ ಮಾವನವರು ಮುಚ್ಚಿಸಿದ ಹಳೆಯ ಬಾವಿಯ ಕಲ್ಲುಕಟ್ಟು. ನೀರು ಮೇಲೆ ಬಾರದೆ ಅದರೊಳಗೆ ಇಳಿದು ಹೋಗುತ್ತಿತ್ತು. ಮುಚ್ಚಿದ ಬಾವಿಗೆ ಬಿಲ್ಲು ಕಟ್ಟಿ ನೀರು ತುಂಬಿಸುವ ಮನೆ ಕಡೂರು, ತರೀಕೆರೆ, ಅಜ್ಜಂಪುರ ಸೇರಿಸಿದರೂ ಇದೊಂದೇ ಎಂದು ಯಜಮಾನರು ಘೋಷಿಸಿದರು. ಸೊಪ್ಪಿನ ವಿಷಯ ಮತ್ತೆ ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಫೋಟೋ ಹಿಡಿದು ಕಚೇರಿಗೆ ಹೋದೆ. ಚೈತ್ರ ಬಿಲ್ಲು ಕಡಿಮೆ ಮಾಡಲಿಲ್ಲ, ಆರು ಕಂತು ಮಾಡಿಕೊಟ್ಟಳು. ಬೆಂಚಿನ ಮೇಲೆ ಕಾಯುವವರಿಗೆ ಕಾಣುವಂತೆ ಈ ಕಂತಿನ ವಿಷಯ ಗೋಡೆಯ ಮೇಲೆ ಬರೆದು ಹಾಕು ಎಂದು ಅವಳಿಗೆ ಹೇಳಿ ಬಂದೆ. ಹೂಂ ಎಂದಿದ್ದಾಳೆ.

ಅದಾದ ಮೇಲೆ ಒಂದು ಬೆಳಿಗ್ಗೆ ರೈಲ್ವೆ ಗೇಟು ದಾಟಿ ಶಿವಗಂಗಮ್ಮನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಅವರು ಚಾಪೆಯ ಮೇಲೆ ಕೂತು ಹಪ್ಪಳದ ಹಿಟ್ಟು ನಾದುತ್ತಿದ್ದರು. ಕಟ್ಟಿದ ವಾಕ್ಯ ಬಾಯಿಗೆ ಬರಲಿಲ್ಲ.

"ನೀರಿನ ಕಚೇರಿಯಲ್ಲಿ ನಿಮಗೆ ಹಿಂಬರಹ ಕೊಟ್ಟವಳು ನಾನೇ" ಅಂದೆ. "ಆಮೇಲೆ ನಿಮ್ಮ ಮಾತು ಹೇಳಿ ನಕ್ಕವಳೂ ನಾನೇ."

ಅವರ ಕೈ ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೊರಗೆ ಗೂಡ್ಸ್ ರೈಲೊಂದು ಹೋಗುತ್ತಿತ್ತು, ಅದು ದಾಟಿದ ಮೇಲೆ ಮತ್ತೆ ಹಿಟ್ಟಿಗೆ ಕೈ ಹಾಕಿದರು.

"ಅಲ್ಲ ಬಿಡಿ" ಅಂದರು. "ಆಯಮ್ಮ ತೆಳ್ಳಗಿದ್ಲು."

"ನಾನು ಆಗ ತೆಳ್ಳಗಿದ್ದೆ ಶಿವಗಂಗಮ್ಮ."

"ನೀವಲ್ಲ ಕಣ್ರಮ್ಮ. ಆಯಮ್ಮ ಚಪ್ಪಲಿ ಬಿಟ್ಟು ನನ್ ಜೊತೆ ಬಿಸಿಲಾಗೆ ನಡೀತಿದ್ಲಾ?" ಎಂದು ಹಿಟ್ಟನ್ನು ಉಂಡೆ ಮಾಡಿ, ಒಂದು ಮಣೆಯನ್ನು ನನ್ನ ಕಡೆ ತಳ್ಳಿದರು. ನಿಜವಾಗಿಯೂ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಬೇಡವೆಂದರೋ ನನಗೆ ಇವತ್ತಿಗೂ ತಿಳಿಯದು. ಕೂತು ನಾಲ್ಕು ಹಪ್ಪಳ ಒತ್ತಿದೆ. ಒಂದೂ ದುಂಡಗೆ ಬರಲಿಲ್ಲ. ಅವರು ನನ್ನವನ್ನು ಬೇರೆ ಇಟ್ಟರು.

ಹೊರಡುವಾಗ ಬಾಗಿಲವರೆಗೆ ಬಂದರು.

"ಆಯಮ್ಮ ಎಲ್ಲಾರ ಸಿಕ್ಕಿದ್ರೆ ಒಂದು ಮಾತು ಹೇಳಿ" ಅಂದರು. "ನಾನು ಸುಳ್ಳು ಹೇಳಿರ್ಲಿಲ್ಲ ಅಂತ."

"ಹೇಳ್ತೀನಿ" ಅಂದೆ.